ಹಿಡಿಕೆ ಇಲ್ಲದ ಅಡುಗೆಮನೆ

ನಮ್ಮ ಹಳೆಯ ಅಡುಗೆಮನೆಯ ಕಪಾಟುಗಳಿಗೆ ಒಂದರಂತೆ ಇನ್ನೊಂದು ಹಿಡಿಕೆ ಇರಲಿಲ್ಲ. ಅಕ್ಕಿಹಿಟ್ಟಿನ ಕಪಾಟಿಗೆ ಹಿತ್ತಾಳೆಯ ಬಳೆ, ಸಕ್ಕರೆಯದಕ್ಕೆ ಮರದ ಗುಂಡಿ, ಮಸಾಲೆಯದಕ್ಕೆ ಬಾಗಿಸಿದ ಕಬ್ಬಿಣದ ಸರಳು, ಎಣ್ಣೆಯದಕ್ಕೆ ತೆಂಗಿನ ನಾರಿನ ಕುಣಿಕೆ. ಒಂದೊಂದು ಒಂದೊಂದು ಕಾಲದಲ್ಲಿ ಮುರಿದು, ಆ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನು ಬಡಿದು ಕೂರಿಸಿದ್ದು. ಮದುವೆ ಮಾತಾಡಲು ಬಂದ ಹೆಂಗಸರು ಅದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ಅಕ್ಕ ಅಡುಗೆ ಮಾಡುತ್ತಿರುವುದೇ ಆ ಹಿಡಿಕೆಗಳ ಆಧಾರದಲ್ಲಿ ಎಂದು ಗೊತ್ತಾದ ಮೇಲೆ ನಗು ನಿಂತಿತು.

ಅಕ್ಕನ ಹೆಸರು ಮರಿಯುಮ್ಮ. ನಾನು ಕರೆಯುವುದು ಇತ್ತಾತ ಎಂದು. ನಾನು ಸೈನಬಿ, ಅವಳ ಬಾಯಲ್ಲಿ ಸೈನು, ಅವಳ ಬೆನ್ನಿಗೆ ಹುಟ್ಟಿದವಳು, ಅವಳಷ್ಟು ತಾಳ್ಮೆ ಇಲ್ಲದವಳು. ತಲಶೇರಿಯ ನಮ್ಮ ಕಡೆ ಮನೆ ಹೆಣ್ಣುಮಕ್ಕಳದು. ಮದುವೆಯಾದರೆ ಗಂಡನೇ ಇಲ್ಲಿಗೆ ಬರುತ್ತಾನೆ, ಸಂಜೆ ಬಂದು ಬೆಳಿಗ್ಗೆ ಹೋಗುತ್ತಾನೆ. ಹಾಗೆ ಬಂದವನ ಗಡ್ಡ ನೆರೆತರೂ ಅವನು ಪುದಿಯಾಪ್ಳನೇ, ಅಂದರೆ ಹೊಸ ಮದುಮಗನೇ. ಅವನಿಗೆ ಉಣ್ಣಿಸುವುದರಲ್ಲಿ ಮನೆಯ ಮಾನ ಇದೆ. ಇತ್ತಾತ ಈ ಊರಿನ ಎಷ್ಟೋ ಮನೆಗಳ ಮಾನವನ್ನು ತನ್ನ ಸೌಟಿನಲ್ಲಿ ಕಾಪಾಡಿದವಳು. ಮೊಟ್ಟೆಯ ಹಳದಿಯನ್ನು ತೆಂಗಿನ ಚಿಪ್ಪಿನ ತೂತಿನಿಂದ ಕುದಿಯುವ ಪಾಕಕ್ಕೆ ಬಿಟ್ಟು ನೂಲಿನಂತೆ ಎಳೆಯುವ ಮುಟ್ಟಮಾಲೆ ಎಂಬ ಸಿಹಿಯೊಂದಿದೆ. ಅದನ್ನು ಎಲ್ಲರೂ ಮಾಡುತ್ತಾರೆ, ಹತ್ತರಲ್ಲಿ ಒಂಬತ್ತು ಜನರದು ಗಂಟು ಗಂಟಾಗುತ್ತದೆ. ಇತ್ತಾತನದು ಗಂಟಾದದ್ದನ್ನು ನಾನು ಕಂಡಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಎದ್ದು ಒಲೆ ಹಚ್ಚಿದಳು. ಅಂದಿನಿಂದ ಅವಳ ಮಾತು, ಅಳು, ಸಿಟ್ಟು ಎಲ್ಲ ಆ ಅಡುಗೆಮನೆಯಲ್ಲೇ.

ಅವಳ ಕಣ್ಣು ಹೋಗುತ್ತಿತ್ತು. ಸೀರೆ ತರುವ ನೆಪದಲ್ಲಿ ಕಲ್ಲಿಕೋಟೆಗೆ ಹೋಗಿ ನಾವಿಬ್ಬರೇ ಡಾಕ್ಟರಿಗೆ ತೋರಿಸಿದೆವು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಈ ಹನಿಮದ್ದು ಸ್ವಲ್ಪ ಕಾಲ ತಡೆದು ನಿಲ್ಲಿಸಬಹುದು ಎಂದರು ಅವರು. ಅವಳಿಗೆ ಕಾಣುವುದು ಕೊಳವೆಯಲ್ಲಿ ನೋಡಿದಷ್ಟೇ, ಆ ಕೊಳವೆಯೂ ಕಿರಿದಾಗುತ್ತಿದೆ ಎಂದೂ ಹೇಳಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಇತ್ತಾತ ನನ್ನ ಮಣಿಕಟ್ಟು ಹಿಡಿದಳು.

"ರಂಸೀನಗೆ ಹೇಳಿದ್ರೆ ನೀನು ನನ್ನ ಹೆಣದ ಮುಖ ನೋಡ್ಬೇಡ."

ರಂಸೀನ ಅವಳ ಒಬ್ಬಳೇ ಮಗಳು. ತಾಯಿಯ ಮೇಲೆ ಪ್ರಾಣ ಇಟ್ಟುಕೊಂಡವಳು, ಅದೇ ಭಯ. ಪಕ್ಕದ ಮನೆಯ ಕದೀಸುಮ್ಮನನ್ನು ಅವಳ ಮಕ್ಕಳು ಪ್ರೀತಿಯಿಂದಲೇ ಅಡುಗೆಮನೆಯಿಂದ ಎಬ್ಬಿಸಿ, ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಜಪಮಣಿ ಕೊಟ್ಟರು. ಆ ಹೆಂಗಸು ಒಂದು ವರ್ಷ ದಾರಿಯಲ್ಲಿ ಹೋಗುವವರನ್ನೆಲ್ಲ "ಇವತ್ತು ನಿಮ್ಮಲ್ಲಿ ಎಂತ ಮೀನು" ಎಂದು ಕೇಳುತ್ತಾ ಕೂತಿದ್ದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ಅವಳ ಹೆಣ ಎತ್ತಿದ ದಿನ ರಂಸೀನ ನಮ್ಮ ಮುಂದೆಯೇ ಹೇಳಿದ್ದಳು, "ಕಣ್ಣು ಸರಿ ಇಲ್ಲದವರನ್ನು ಬೆಂಕಿಯ ಹತ್ತಿರ ಬಿಡಬಾರದು. ಅವರು ಮಾಡಿದ್ದು ಸರಿಯೇ." ಇತ್ತಾತ ಆಗ ಈರುಳ್ಳಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

ಮಗಳಿಗೆ ಇಷ್ಟು ಕಾಲ ಗೊತ್ತಾಗದೆ ಉಳಿದದ್ದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮ ಮನೆಯ ರಿವಾಜೇ ಕಾರಣ. ಹಳೆಯ ಕಾಲದಿಂದ ನಮ್ಮಲ್ಲಿ ಅಮ್ಮಾಯಿ, ಅಂದರೆ ಅತ್ತೆ, ಪುದಿಯಾಪ್ಳನ ಎದುರು ಬರುವುದಿಲ್ಲ, ಅವನೊಂದಿಗೆ ನೇರ ಮಾತಾಡುವುದಿಲ್ಲ. ಬೇರೆ ಮನೆಗಳಲ್ಲಿ ಅದು ಎಂದೋ ಹೋಯಿತು, ಈಗ ಅತ್ತೆ ಅಳಿಯ ಒಟ್ಟಿಗೆ ಕೂತು ಟಿ.ವಿ. ನೋಡುತ್ತಾರೆ. ಇತ್ತಾತ ಮಾತ್ರ ಬಿಡಲಿಲ್ಲ. ಅಳಿಯ ಅಫ್ಸಲ್ ಓಣಿಯಲ್ಲಿ ಬರುವಾಗಲೇ ಒಂದು ಕೆಮ್ಮು ಕೆಮ್ಮುತ್ತಾನೆ. ಇವಳು ತಟ್ಟವನ್ನು, ಅಂದರೆ ತಲೆಗೆ ಹೊದೆದ ಬಟ್ಟೆಯನ್ನು, ಹಣೆಯವರೆಗೆ ಎಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಾಳೆ. ನೆಂಟರು ಬಂದರೂ ಅವಳು ಅಡುಗೆಮನೆ ಬಿಟ್ಟು ಹೊರಡುವವಳಲ್ಲ. ಯಾರ ಮುಖವನ್ನೂ ನೋಡದ ಹೆಂಗಸಿಗೆ ಮುಖಗಳು ಕಾಣುತ್ತಿಲ್ಲ ಎಂದು ಯಾರಿಗೆ ಹೊಳೆಯಬೇಕು?

ಅಫ್ಸಲ್ ಒಳ್ಳೆಯವನು. ಪೇಟೆಯಲ್ಲಿ ಅವನದೊಂದು ಬೇಕರಿ. ಎಷ್ಟು ಸ್ನಾನ ಮಾಡಿದರೂ, ಎಷ್ಟು ಅತ್ತರು ಹಚ್ಚಿದರೂ ಬಿಸಿ ಬೆಣ್ಣೆ, ಏಲಕ್ಕಿಯ ವಾಸನೆ ಅವನನ್ನು ಬಿಡುವುದಿಲ್ಲ. ಇರುವೆಗಳು ಹಿಂದೆ ಬರುತ್ತವೆ ಎಂದು ರಂಸೀನ ಗೇಲಿ ಮಾಡುವುದುಂಟು. ರಂಜಾನಿನ ನೋಂಬಿಗೆ ಎರಡು ತಿಂಗಳು ಇರುವಾಗ ಗೆದ್ದಲು ಹಿಡಿದಿದ್ದ ಮೇಲಿನ ಕಪಾಟು ರಾತ್ರಿ ಕಳಚಿ ಬಿದ್ದು ಪಿಂಗಾಣಿಯೆಲ್ಲ ಪುಡಿಯಾಯಿತು. ಬೆಳಿಗ್ಗೆ ಅಫ್ಸಲ್ ಹೆಂಡತಿಯ ಹತ್ತಿರ ಹೇಳಿದ, "ಅಮ್ಮಾಯಿಗೆ ಹೇಳು, ನೋಂಬಿನ ಮೊದಲು ಹೊಸ ಅಡುಗೆಮನೆ ನಾನು ಮಾಡಿಸಿ ಕೊಡ್ತೇನೆ." ಮನೆಯಲ್ಲೆಲ್ಲ ಸಂಭ್ರಮ. ಇತ್ತಾತ ಮಾತ್ರ ಹಳೆಯ ಹಿಡಿಕೆಗಳನ್ನು ಒಂದೊಂದಾಗಿ ತಡವುತ್ತಾ ನಿಂತಳು.

ಕಣ್ಣೂರಿನ ಅಂಗಡಿಯಿಂದ ಜಿತೇಶ ಎಂಬ ಹುಡುಗ ಅಳತೆ ತೆಗೆಯಲು ಬಂದ. ಮೊಬೈಲಿಗಿಂತ ದೊಡ್ಡದೊಂದು ಪರದೆಯಲ್ಲಿ ಚಿತ್ರಗಳನ್ನು ತೋರಿಸುತ್ತಾ ಹೊರಗಿನ ಕೋಣೆಯಲ್ಲಿ ಕೂತ. ಎದುರು ಅಫ್ಸಲ್, ನಡುವೆ ರಂಸೀನ, ಅಡುಗೆಮನೆಯ ಬಾಗಿಲ ಹಿಂದೆ ಇತ್ತಾತ, ಅವಳ ಪಕ್ಕ ನಾನು.

"ಈಗ ಎಲ್ಲರೂ ಹ್ಯಾಂಡಲ್ ಇಲ್ಲದ್ದನ್ನೇ ಹಾಕಿಸೂದು," ಎಂದ ಜಿತೇಶ. "ಬೆರಳಲ್ಲಿ ಹೀಗೆ ಒತ್ತಿದ್ರೆ ಸಾಕು, ಬಾಗಿಲು ತಾನಾಗಿ ಬಾಯಿ ಬಿಡ್ತದೆ. ಮುಚ್ಚಿದ್ರೆ ಒಂದೇ ಗೋಡೆ ಇದ್ದ ಹಾಗೆ ಕಾಣ್ತದೆ."

"ಗೋಡೆ ನೋಡ್ಲಿಕ್ಕೆ ಅಡುಗೆಮನೆ ಯಾಕೆ," ಎಂದಳು ಇತ್ತಾತ ಬಾಗಿಲ ಹಿಂದಿನಿಂದ. "ಹೊರಗೆ ಕಂಪೌಂಡ್ ಉಂಟಲ್ಲ."

"ಉಮ್ಮ, ಅವರಿಗೆ ಕೇಳ್ತದೆ," ಎಂದಳು ರಂಸೀನ ತಾಯಿಗೆ.

"ಕೇಳ್ಲಿ ಅಂತಲೇ ಹೇಳಿದ್ದು. ಪುದಿಯಾಪ್ಳನ ಹತ್ತಿರ ಕೇಳು, ಕಿವಿ ಇಲ್ಲದ ಕೊಪ್ಪರಿಗೆಯನ್ನು ಯಾರಾದ್ರೂ ಒಲೆಯಿಂದ ಇಳಿಸ್ತಾರಾ ಅಂತ."

ಅಫ್ಸಲ್ ಕೂತದ್ದು ಮೂರು ಮಾರು ದೂರದಲ್ಲಿ, ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ. ಆದರೂ ರಂಸೀನ ಅವನ ಕಡೆ ತಿರುಗುವವರೆಗೆ ಕಾದ. ಆಮೇಲೆ ಚಹಾದ ಲೋಟಕ್ಕೆ ನಗುತ್ತಾ ಹೇಳಿದ, "ಅಮ್ಮಾಯಿಗೆ ಹೇಳು, ಕೊಪ್ಪರಿಗೆಗೆ ಕಿವಿ ಇರ್ಲಿ, ಕಪಾಟಿಗೆ ಬೇಡ. ಹನ್ನನ ಹಣೆಯ ಹೊಲಿಗೆಯ ಗುರುತು ಇನ್ನೂ ಮಾಸ್ಲಿಲ್ಲ."

ಹನ್ನ ಮೊಮ್ಮಗಳು, ಆರು ವರ್ಷದವಳು. ಓಡಿ ಬಂದು ಮಸಾಲೆ ಕಪಾಟಿನ ಆ ಕಬ್ಬಿಣದ ಸರಳಿಗೇ ಹಣೆ ಒಡೆದುಕೊಂಡಿದ್ದಳು. ಜಿತೇಶ ಹೋದ ಮೇಲೆ ರಂಸೀನ ಅಡುಗೆಮನೆಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅವರು ಪ್ರೀತಿಯಿಂದ ಮಾಡಿಸಿಕೊಡ್ಲಿಕ್ಕೆ ಹೊರಟ್ರೆ ನಿಮ್ದು ಎಂತದು ಉಮ್ಮ ಇದು ಹಠ? ಹ್ಯಾಂಡಲ್ ಬೇಕಾ, ಮೊಮ್ಮಗಳು ಬೇಕಾ?"

"ಎರಡೂ ಬೇಕು. ಮೊಮ್ಮಗಳಿಗೆ ನಡೀಲಿಕ್ಕೆ ಕಲಿಸು, ಓಡ್ಲಿಕ್ಕೆ ಅವಳೇ ಕಲೀತಾಳೆ."

"ಕಾರಣ ಹೇಳಿ. ಒಂದೇ ಒಂದು ಕಾರಣ ಹೇಳಿ, ನಾನು ಸುಮ್ಮನಾಗ್ತೇನೆ."

ಇತ್ತಾತ ತೆಂಗಿನಕಾಯಿ ತುರಿಯುತ್ತಲೇ ಇದ್ದಳು. ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು ಅದು ಗೊತ್ತಿದ್ದವಳಂತೆ ನನ್ನ ಕಾಲನ್ನು ತನ್ನ ಹಿಮ್ಮಡಿಯಿಂದ ಒತ್ತಿದಳು. ರಂಸೀನ ಕಾದು ನೋಡಿ, ಬಾಗಿಲು ದಡಾರೆಂದು ಎಳೆದುಕೊಂಡು ಹೋದಳು.

"ಹೇಳಿಬಿಡು ಇತ್ತಾತ," ಎಂದೆ. "ನನ್ನಿಂದ ಇನ್ನು ಆಗೂದಿಲ್ಲ."

"ಹೇಳಿದ ದಿನ ನನ್ನ ಕೈಯಿಂದ ಸೌಟು ಹೋಯ್ತು ಅಂತ ತಿಳ್ಕೋ. ಒತ್ತಿದ್ರೆ ತೆರೆಯುವ ಬಾಗಿಲಲ್ಲಿ ಸಕ್ಕರೆ ಯಾವುದು, ಉಪ್ಪು ಯಾವುದು ಅಂತ ನನ್ನ ಕೈಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೊಂದು ಉಪಾಯ ಹೇಳು. ಅದು ಬಿಟ್ಟು ಬೇರೆ ಮಾತಾಡ್ಬೇಡ."

ನನಗೆ ಸಿಟ್ಟು ಬಂತು. ಹಿಂದಿನ ತಿಂಗಳು ಅವಳ ತಟ್ಟದ ತುದಿ ಗ್ಯಾಸಿನ ಉರಿಗೆ ತಾಗಿ ಹೊತ್ತಿಕೊಂಡಾಗ ಬರಿಗೈಯಲ್ಲಿ ಬಡಿದು ಆರಿಸಿದವಳು ನಾನು. ನನ್ನ ಅಂಗೈಯಲ್ಲಿ ಇನ್ನೂ ಕಲೆ ಇದೆ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ರಂಸೀನ ಹೇಳುವುದರಲ್ಲಿ ತಪ್ಪಿಲ್ಲ ಎಂದು ಒಂದು ಮನಸ್ಸು, ಇವಳನ್ನು ಜಗಲಿಯ ಕುರ್ಚಿಯಲ್ಲಿ ನೋಡಲಾರೆ ಎಂದು ಇನ್ನೊಂದು ಮನಸ್ಸು.

ಮುಂದಿನ ವಾರ ಅಫ್ಸಲ್ ಎಲ್ಲರನ್ನೂ ಕಾರಿನಲ್ಲಿ ಕಣ್ಣೂರಿಗೆ ಕರೆದುಕೊಂಡು ಹೋದ. ಅಮ್ಮಾಯಿ ಕೈಯಾರೆ ಮುಟ್ಟಿ ನೋಡಲಿ, ಆಮೇಲೆ ಬೇಡ ಅಂದರೆ ಬೇಡ ಎಂದಿದ್ದ. ಹೋಗುವುದಿಲ್ಲ ಎನ್ನಲು ಇತ್ತಾತನಿಗೆ ದಾರಿಯೇ ಇರಲಿಲ್ಲ. ತಟ್ಟವನ್ನು ಮುಖಕ್ಕೆ ಎಳೆದು ಹಿಂದಿನ ಸೀಟಿನಲ್ಲಿ ಕೂತವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಉಂಗುರ ಬೆರಳಿಗೆ ಕಚ್ಚಿತು. ನನ್ನ ಮಂಡಿ ನೋವಿನ ತೈಲದ ವಾಸನೆ ಕಾರಿನ ತುಂಬ ಹರಡಿತ್ತು. ಹನ್ನ ಮೂಗು ಮುಚ್ಚಿಕೊಂಡು ಕೂತಿದ್ದಳು.

ಅಂಗಡಿಯೊಳಗೆ ಮೇಲಿನಿಂದ ಕೆಳಗಿನವರೆಗೆ ದೀಪ. ನೆಲ ಥಳಥಳ ಹೊಳೆಯುತ್ತಿತ್ತು. ಅಂಥ ಬೆಳಕಿನಲ್ಲಿ ಅವಳಿಗೆ ಏನೂ ಕಾಣುವುದಿಲ್ಲ, ನನಗೆ ಗೊತ್ತಿತ್ತು. ನನ್ನ ಮಂಡಿಗೆ ಆಸರೆ ಎಂಬಂತೆ ಅವಳ ತೋಳು ಹಿಡಿದುಕೊಂಡೆ. ಹಿಡಿದು ನಡೆಸುತ್ತಿದ್ದವಳು ನಾನು.

ಮೊದಲು ಹಿಡಿಕೆ ಇರುವ ಅಡುಗೆಮನೆ ತೋರಿಸಿದರು. ಇತ್ತಾತ ಆಸೆಯಿಂದ ಕೈ ಚಾಚಿದಳು. ಒಂದು ಹಿಡಿಕೆ ಮುಟ್ಟಿದಳು, ಎರಡನೆಯದು ಮುಟ್ಟಿದಳು, ಮೂರನೆಯದು. ಎಲ್ಲ ಒಂದೇ ಉದ್ದದ, ಒಂದೇ ದಪ್ಪದ ಸ್ಟೀಲಿನ ಸರಳುಗಳು. ಅವಳ ಮುಖ ಬಾಡಿತು.

"ಎಲ್ಲ ಒಂದೇ, ಸೈನು," ಎಂದಳು ಕೆಳದನಿಯಲ್ಲಿ.

ಅಲ್ಲಿಯವರೆಗೆ ಹಿಡಿಕೆ ಉಳಿದರೆ ಇತ್ತಾತ ಉಳಿದಳು ಎಂದುಕೊಂಡಿದ್ದೆವು. ಹೊಸ ಅಡುಗೆಮನೆಯ ಹಿಡಿಕೆಗಳೂ ಅವಳ ಕೈಗೆ ಏನನ್ನೂ ಹೇಳುವುದಿಲ್ಲ ಎಂದು ಆಗ ಗೊತ್ತಾಯಿತು. ಇಷ್ಟು ದಿನ ಜಗಳವಾಡಿದ್ದು ನೀರಲ್ಲಿ ಹೋಮ.

ಎರಡನೆಯದು ರಂಸೀನ ಮೆಚ್ಚಿದ್ದು, ಒತ್ತಿದರೆ ತೆರೆಯುವಂಥದ್ದು. ಇತ್ತಾತ ಕಟ್ಟೆಯ ಮೇಲೆ ಕೈ ಇಟ್ಟು ಒಂದು ಹೆಜ್ಜೆ ಸರಿದಳಷ್ಟೇ, ಸೊಂಟ ತಾಗಿ ಡ್ರಾಯರ್ ಹೊರಗೆ ಹಾರಿ ಮಂಡಿಗೆ ಬಡಿಯಿತು. ಗಾಬರಿಯಿಂದ ಪಕ್ಕಕ್ಕೆ ಸರಿದರೆ ಅಲ್ಲಿನ ಬಾಗಿಲೂ ಬಾಯಿ ತೆರೆಯಿತು. ಮುಚ್ಚಲು ಹೋಗಿ ಅದರ ಅಂಚಿಗೆ ಮೊಣಕೈ ತಾಗಿಸಿಕೊಂಡಳು.

"ನೋಡಿ ನಡೀರಿ ಉಮ್ಮ," ಎಂದಳು ರಂಸೀನ. "ಕಣ್ಣು ಕಾಣೂದಿಲ್ವಾ ನಿಮ್ಗೆ?"

ಯಾರು ಬೇಕಾದರೂ ಯಾರಿಗೆ ಬೇಕಾದರೂ ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಆದರೆ ಇತ್ತಾತ ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಬಿಡುವವಳಲ್ಲ ಅವಳು. ರಂಸೀನ ತಾಯಿಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

"ನಾನು ಎಳೆದದ್ದಕ್ಕೆ ಎಡವಿದಳು," ಎಂದೆ. "ನೆಲ ಇಷ್ಟು ಜಾರಿದ್ರೆ ಮುದುಕಿಯರು ಎಂತ ಮಾಡೂದು? ನೀನು ಹೋಗಿ ಬಣ್ಣ ನೋಡು, ನಾವು ಇಲ್ಲೇ ಕೂರ್ತೇವೆ."

ರಂಸೀನ ಇನ್ನೊಮ್ಮೆ ತಾಯಿಯನ್ನು ನೋಡಿ, ಮಗಳ ಕೈ ಹಿಡಿದು ಜಿತೇಶನ ಹಿಂದೆ ಒಳಗಿನ ಕೋಣೆಗೆ ಹೋದಳು. ಬಣ್ಣ ಆರಿಸಿದರೆ ಮುಗಿಯಿತು, ಒತ್ತುವ ಬಾಗಿಲೇ ಖಾಯಂ. ಅಫ್ಸಲನಿಗೆ ಬೇಕರಿಯಿಂದ ಫೋನು ಬಂದಿತ್ತು, ಅವನು ಬಾಗಿಲ ಕಡೆ ಹೋಗಿದ್ದ. ಕೂರಿಸಲು ಜಾಗ ಹುಡುಕುತ್ತಾ ನಾನು ಇತ್ತಾತನನ್ನು ಹಿಂದಿನ ಮೂಲೆಗೆ ಕರೆದುಕೊಂಡು ಹೋದೆ. ಅಲ್ಲಿ ಮೂರನೆಯ ಅಡುಗೆಮನೆ ಇತ್ತು. ಅದಕ್ಕೂ ಹಿಡಿಕೆ ಇಲ್ಲ. ಕಟ್ಟೆಯ ಕಲ್ಲಿಗೂ ಬಾಗಿಲುಗಳ ಮೇಲಂಚಿಗೂ ನಡುವೆ ಬೆರಳು ತೂರುವಷ್ಟು ಅಗಲದ ಸಂದಿಯೊಂದು ಈ ತುದಿಯಿಂದ ಆ ತುದಿಗೆ ಹೋಗಿತ್ತು. ಅದರಲ್ಲಿ ಬೆರಳಿಟ್ಟು ಬಾಗಿಲು ಎಳೆಯುವುದು.

ಇತ್ತಾತ ಸುಧಾರಿಸಿಕೊಳ್ಳಲು ಕಟ್ಟೆಗೆ ಕೈ ಊರಿದಳು. ಬೆರಳುಗಳು ಕೆಳಗೆ ಜಾರಿ ಆ ಸಂದಿಗೆ ಇಳಿದವು. "ಇದೆಂತದು?" ಎಂದಳು. ಹೇಳಿದೆ. ಎಲ್ಲಿಯವರೆಗೆ ಉಂಟು ಎಂದು ಕೇಳಿದಳು. ಕೊನೆಯವರೆಗೆ ಎಂದೆ.

ಅವಳು ನನ್ನ ಕೈ ಬಿಟ್ಟಳು.

ಬೆರಳುಗಳನ್ನು ಸಂದಿಯಲ್ಲಿಟ್ಟುಕೊಂಡು ನಡೆಯತೊಡಗಿದಳು. ಎರಡು ಬಾಗಿಲು ಕೂಡುವಲ್ಲಿ ಸಣ್ಣ ಸೀಳಿಗೆ ಬೆರಳು ತಾಗಿದಾಗ ನಿಂತು, ತುಟಿಯಲ್ಲೇ ಏನೋ ಎಣಿಸಿ, ಮುಂದೆ ಹೋದಳು. ಒಂದು ಡ್ರಾಯರ್ ಎಳೆದು ಮುಚ್ಚಿದಳು. ನಲ್ಲಿಯ ಹತ್ತಿರ ನಿಂತು ಅದನ್ನು ಮುಟ್ಟಿ, ಮತ್ತೆ ಸಂದಿಗೆ ಬಂದಳು. ಮೂಲೆಯಲ್ಲಿ ಸಂದಿ ತಿರುಗಿದಲ್ಲಿ ತಾನೂ ತಿರುಗಿದಳು. ಎರಡು ವರ್ಷದಲ್ಲಿ ಗುರುತಿಲ್ಲದ ಜಾಗದಲ್ಲಿ ಅವಳು ಒಬ್ಬಳೇ ನಡೆದದ್ದು ಅದೇ ಮೊದಲು. ತಟ್ಟ ಜಾರಿ ಹೆಗಲ ಮೇಲೆ ಬಿದ್ದಿತ್ತು, ನೆರೆತ ಕೂದಲು ಪೂರ್ತಿ ಹೊರಗಿತ್ತು. ಅವಳ ಮುಖದಲ್ಲಿ ಬೆಳಕಿತ್ತು.

ಆಗ ನೋಡಿದೆ, ಕಟ್ಟೆಯ ಆ ತುದಿಯಲ್ಲಿ ಅಫ್ಸಲ್ ನಿಂತಿದ್ದ. ಫೋನು ಕೈಯಲ್ಲಿತ್ತು. ಮನೆಯಲ್ಲವಲ್ಲ, ಕೆಮ್ಮಿರಲಿಲ್ಲ. ಅಮ್ಮಾಯಿ ತನ್ನತ್ತಲೇ ಬರುತ್ತಿರುವುದನ್ನು ಕಂಡು ಅವಳು ಸರಿದುಹೋಗಲಿ ಎಂದು ಕಾದಿರಬೇಕು. ಅವಳು ಸರಿಯಲಿಲ್ಲ. ಹತ್ತು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎದುರು ಬಾರದವಳು, ಬರಿ ತಲೆಯಲ್ಲಿ, ನೇರ ಅವನ ಎದುರಿಗೆ ಹೋಗಿ, ಒಂದು ಮೊಳ ದೂರದಲ್ಲಿ ನಿಂತು, ಮುಖ ಎತ್ತಿದಳು. ಕೂಗಿದರೆ ರಂಸೀನ ಬಂದುಬಿಡುತ್ತಾಳೆ ಎಂದು ಬಾಯಿಗೆ ಕೈ ಅಡ್ಡ ಹಿಡಿದೆ.

"ಸೈನು," ಎಂದಳು ಅವನ ಮುಖಕ್ಕೆ. "ಇದೇ ಆಗ್ಬೇಕು ನನಗೆ. ಈ ಗೆರೆ ಹಿಡ್ಕೊಂಡ್ರೆ ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಸಕ್ಕರೆಗೆ ಹೋಗ್ಲಿಕ್ಕೆ ಯಾರೂ ಬೇಡ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣು ಬರುವ ವರ್ಷದ ನೋಂಬು ನೋಡ್ತದೋ ಇಲ್ವೋ. ಅದೂ ಹೋದ ಮೇಲೆ ನನಗೆ ಇದು ಸಾಕು. ರಂಸೀನಗೆ ಗೊತ್ತಾದ್ರೆ ಕದೀಸುಮ್ಮನ ಹಾಗೆ ನನ್ನನ್ನು ಜಗಲಿಯಲ್ಲಿ ಕೂರಿಸ್ತಾಳೆ. ಕೂರಿಸಿದ್ರೆ ನಾನು ಸಾಯ್ತೇನೆ ಸೈನು. ಅದು ಮಾತ್ರ ಖಂಡಿತ."

ಅಫ್ಸಲ್ ಅವಳ ತಲೆಯ ಮೇಲಿನಿಂದ ನನ್ನನ್ನು ನೋಡಿದ. ನಾನು ಕೈ ಮುಗಿಯುವುದೋ, ಬೇಡವೆಂದು ತಲೆ ಅಲ್ಲಾಡಿಸುವುದೋ ತಿಳಿಯದೆ ಎರಡನ್ನೂ ಮಾಡಿದೆ. ಅವನು ತುದಿಗಾಲಲ್ಲಿ ಹಿಂದೆ ಸರಿದ, ಇನ್ನೂ ಸರಿದ, ಕಂಬದ ಆಚೆ ಹೋದ. ಒಂದು ಕ್ಷಣ ಬಿಟ್ಟು ಅಲ್ಲಿಂದ ಅವನು ಮನೆಯ ಓಣಿಯಲ್ಲಿ ಕೆಮ್ಮುವ ಅದೇ ಕೆಮ್ಮು ಕೇಳಿಸಿತು. ಇತ್ತಾತನ ಕೈ ತಟ್ಟೆಂದು ತಲೆಗೆ ಹೋಯಿತು, ತಟ್ಟ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ರಂಸೀನ ಬಣ್ಣದ ಪಟ್ಟಿ ಹಿಡಿದು ಬಂದಳು. ಅಫ್ಸಲ್ ಅದನ್ನು ನೋಡಲಿಲ್ಲ.

"ಜಿತೇಶ, ಅದು ಬೇಡ. ಈ ಹಿಂದಿನದು ಹಾಕಿ. ಗೆರೆ ಇರೂದು."

"ಇದಾ? ಈ ಸಂದಿಯಲ್ಲಿ ಹಿಟ್ಟು ಕೂರ್ತದೆ, ಇರುವೆ ಬರ್ತದೆ," ಎಂದಳು ರಂಸೀನ. "ಇದನ್ನು ದಿನಾ ಒರಸುವವರು ಯಾರು? ಇಷ್ಟು ಹೊತ್ತು ನಾನು ಒಳಗೆ ಬಣ್ಣ ಆರಿಸಿದ್ದು ಯಾವುದಕ್ಕೆ?"

"ಒತ್ತಿದ್ರೆ ತೆರೆಯೂದು ಹನ್ನಗೆ ಆಟ ಆಗ್ತದೆ. ಬೆರಳು ಸಿಕ್ಕಿಸ್ಕೊಳ್ತಾಳೆ."

"ಹನ್ನನ ಹೆಸರು ಹೇಳ್ಬೇಡಿ. ಇಲ್ಲಿ ಎಂತ ಆಯ್ತು ಈಗ?"

"ಎಂತ ಆಗ್ಲಿಲ್ಲ. ನನಗೆ ಇದು ಇಷ್ಟ ಆಯ್ತು." ಅವನ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಕೇಳಿರಲಿಲ್ಲ. ರಂಸೀನ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆಗೆ ಮುಖ ಮಾಡಿ ನಿಂತ ತಾಯಿಯನ್ನು ನೋಡಿದಳು. ಬಣ್ಣದ ಪಟ್ಟಿಯನ್ನು ಕಟ್ಟೆಯ ಮೇಲೆ ಎಸೆದು ಕಾರಿಗೆ ಹೋಗಿ ಕೂತಳು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಅವನು ಹೆಂಡತಿಗೆ ಹೇಳಿದನೋ ಇಲ್ಲವೋ? ಸಂಜೆ ಊಟವಾಗಿ ಅವರು ಕೋಣೆಗೆ ಹೋದರೆ ನನ್ನ ಕಿವಿ ಅತ್ತಲೇ. ರಂಸೀನ ಏರು ದನಿಯಲ್ಲಿ ಮಾತಾಡಿದರೆ ಇವತ್ತೇ ಎಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ನೋಡಿದರೆ ಜಗಳ ಸ್ಕೂಲಿನ ವ್ಯಾನಿನದಾಗಿರುತ್ತಿತ್ತು. ಇತ್ತಾತನಿಗೆ, ನೀನು ಅಂದು ಮಾತಾಡಿದ್ದು ನನ್ನ ಹತ್ತಿರ ಅಲ್ಲ, ಪುದಿಯಾಪ್ಳನ ಹತ್ತಿರ ಎಂದು ಹೇಳಲು ಹತ್ತು ಸಲ ಹೋದೆ, ಹತ್ತು ಸಲ ತಿರುಗಿ ಬಂದೆ. ಬರಿ ತಲೆಯಲ್ಲಿ ಅಳಿಯನ ಎದುರು ನಿಂತೆ ಎಂದು ಗೊತ್ತಾದರೆ ಅವಳು ನೀರು ಸಹ ಮುಟ್ಟದೆ ಮಲಗಿಬಿಡುವವಳು. ಅವಳೋ ನಿಶ್ಚಿಂತೆಯಿಂದ ತಿಂದು ಮಲಗುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನೂ ಉರಿ.

ನೋಂಬಿಗೆ ಮೊದಲು ಅಡುಗೆಮನೆ ಸಿದ್ಧವಾಯಿತು. ಹಳೆಯ ಕಪಾಟುಗಳನ್ನು ಹೊರಗೆ ಹಾಕಿದ ದಿನ ಇತ್ತಾತ ಹಿತ್ತಲಲ್ಲಿ ಕೂತು ಆ ಬಳೆ, ಗುಂಡಿ, ಸರಳುಗಳನ್ನು ಒಂದೊಂದಾಗಿ ಬಿಚ್ಚಿಸಿ ಡಬ್ಬಿಗೆ ಹಾಕಿಸಿದಳು. ಹೊಸದರ ಸಂದಿಯನ್ನು ಎರಡೇ ದಿನದಲ್ಲಿ ಕಲಿತಳು. ಒಲೆಯಿಂದ ಎರಡನೇ ಸೀಳಿಗೆ ಉಪ್ಪು, ಮೂಲೆ ತಿರುಗಿದ ಕೂಡಲೇ ಸಕ್ಕರೆ. ರಂಸೀನ ಬಟ್ಟೆ ಹಿಡಿದು ಸಂದಿ ಒರಸುತ್ತಾ ಯಾರ ಹೆಸರನ್ನೂ ಹಿಡಿಯದೆ ಬೈಯುತ್ತಿದ್ದಳು.

ಮೂರನೆಯ ಸಂಜೆ ಅಫ್ಸಲ್ ಊಟಕ್ಕೆ ಕೂತವನು ತಟ್ಟೆಗೆ ಕೈ ಹಾಕಲಿಲ್ಲ.

"ರಂಸೀನ, ಅಮ್ಮಾಯಿಗೆ ಹೇಳು. ಒಲೆ ಹೊಸದು. ಎಳೆಮ್ಮ ಪಕ್ಕದಲ್ಲಿ ಇಲ್ಲದೆ ಹಚ್ಚಬಾರದು. ಯಾವತ್ತೂ."

ಎಳೆಮ್ಮ ಎಂದರೆ ಚಿಕ್ಕಮ್ಮ, ನಾನು. ಬಾಗಿಲ ಹಿಂದೆ ಇತ್ತಾತನ ಪಕ್ಕದಲ್ಲೇ ಇದ್ದೆ. ಅಮ್ಮಾಯಿಯ ಒಲೆಗೆ ಪುದಿಯಾಪ್ಳ ಕಟ್ಟಳೆ ಹಾಕುವುದು ನಮ್ಮ ಮನೆಯಲ್ಲಿ ನಡೆದದ್ದಿಲ್ಲ. ರಂಸೀನಳೇ ಬೆಚ್ಚಿದಳು.

"ಅದೆಂತ ಮಾತು? ಉಮ್ಮನಿಗೆ ಒಲೆ ಹಚ್ಚಲಿಕ್ಕೆ ನೀವು ಹೇಳಿಕೊಡೂದಾ?"

"ನೀನು ಹೇಳು. ಉತ್ತರ ಬಂದ ಮೇಲೆ ನಾನು ಉಣ್ತೇನೆ."

ಇತ್ತಾತ ಸಿಡಿಯುತ್ತಾಳೆ, ಈಗ ಎಲ್ಲ ಹೊರಗೆ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಬಾಗಿಲ ಚೌಕಟ್ಟಿಗೆ ಕೈ ಇಟ್ಟು ಹೇಳಿದಳು.

"ಪುದಿಯಾಪ್ಳನಿಗೆ ಹೇಳು ಮಗಳೇ, ಆಯ್ತು ಅಂತ."

ನೋಂಬಿನ ಮೊದಲ ದಿನ ಅಳಿಯನ ಮನೆಯವರನ್ನು ಇಫ್ತಾರಿಗೆ ಕರೆಯುವುದು ವಾಡಿಕೆ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಇತ್ತಾತ ಮುಟ್ಟಮಾಲೆಗೆ ಕೂತಳು. ಉಪವಾಸ, ರುಚಿ ನೋಡುವ ಹಾಗಿಲ್ಲ. ಪಾಕ ಬಂತೋ ಇಲ್ಲವೋ ಎಂದು ಅವಳು ಕುದಿಯುವ ಸದ್ದಿನಿಂದಲೇ ತಿಳಿಯುತ್ತಾಳೆ. ಒಲೆ ಹಚ್ಚಿದವಳು ನಾನು. ಮಗಳು ಹೊರಗೆ ಜಮಖಾನ ಹಾಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವನು ಹಾಗೆ ಹೇಳಿದ್ದಕ್ಕೆ ಅಷ್ಟು ಸುಲಭದಲ್ಲಿ ಒಪ್ಪಿದ್ದು ಯಾಕೆ?"

"ಕೊಟ್ಟವನಿಗೆ ಸ್ವಲ್ಪ ತೆಗೆದುಕೊಳ್ಳುವ ಹಕ್ಕೂ ಉಂಟು."

"ಅವನು ಎಂತ ಕೊಟ್ಟ? ಅವನಿಗೆ ಎಂತ ಗೊತ್ತು?"

"ನಾನೇ ಹೇಳಿದೆನಲ್ಲ," ಎಂದಳು ಚಿಪ್ಪನ್ನು ಪಾಕದ ಮೇಲೆ ಸುತ್ತಿಸುತ್ತಾ. "ಆ ಅಂಗಡಿಯಲ್ಲಿ. ನೀನೂ ಇದ್ದಿ."

ನಾನು ಸೌಟು ಕೆಳಗಿಟ್ಟೆ.

"ನಿನಗೆ ತೈಲದ ವಾಸನೆ, ಅವನಿಗೆ ಬೆಣ್ಣೆ ಏಲಕ್ಕಿಯ ವಾಸನೆ. ನನಗೆ ಹೋದದ್ದು ಕಣ್ಣು ಮಾರಾಯ್ತಿ, ಮೂಗಲ್ಲ."

"ಮತ್ತೆ ಸೈನು, ಸೈನು ಅಂತ ನನ್ನ ಹೆಸರು ಕರೆದದ್ದು?"

"ಬೇರೆ ಹೇಗೆ ಹೇಳೂದು? ಅಮ್ಮಾಯಿ ಪುದಿಯಾಪ್ಳನ ಹತ್ತಿರ ಮಾತಾಡಬಾರದಲ್ಲ." ಚಿಪ್ಪು ನಿಲ್ಲಲಿಲ್ಲ. "ಒತ್ತುವ ಬಾಗಿಲೇ ಅಂತ ತೀರ್ಮಾನ ಆಗಿ ಹೋಗಿತ್ತು, ಅವಳು ಬಣ್ಣ ಆರಿಸ್ಲಿಕ್ಕೆ ಹೋಗಿದ್ದಳು. ತಡೆಯುವವನು ಅವನೊಬ್ಬನೇ. ಮಗಳಿಗೆ ಹೇಳಿದ್ರೆ ಅಳ್ತಾಳೆ, ಅತ್ತು ಸೌಟು ಕಿತ್ಕೊಳ್ತಾಳೆ. ಇವನು ನನಗೆ ಎದುರು ಮಾತಾಡುವ ಹಾಗೂ ಇಲ್ಲ, ಬೇಡ ಅನ್ನುವ ಹಾಗೂ ಇಲ್ಲ."

ತಿಂಗಳು ಪೂರ್ತಿ ನಾನು ಒಬ್ಬಳೇ ಬೆಂದದ್ದು ನೆನಪಾಗಿ ಅವಳ ಬೆನ್ನಿಗೆ ಒಂದು ಕೊಡೋಣ ಅನ್ನಿಸಿತು. ಆಮೇಲೆ ಇನ್ನೊಂದು ನೆನಪಾಯಿತು.

"ಇತ್ತಾತ, ಆವತ್ತು ತಟ್ಟ ಜಾರಿತ್ತು."

ಚಿಪ್ಪು ಈಗ ನಿಂತಿತು. ಹಳದಿಯ ಒಂದು ಹನಿ ಗಂಟಾಗಿ ಪಾಕಕ್ಕೆ ಬಿತ್ತು.

"ಗೊತ್ತಿತ್ತು," ಎಂದಳು. "ಎಳ್ಕೊಂಡಿದ್ರೆ, ಎದುರಿಗಿದ್ದದ್ದು ಅವನೇ ಅಂತ ನನಗೆ ಗೊತ್ತುಂಟು ಎಂದು ಅವನಿಗೆ ಗೊತ್ತಾಗ್ತಿತ್ತು. ಅದಕ್ಕೆ ಬಿಟ್ಟೆ. ನಮ್ಮ ಉಮ್ಮ ಸಾಯುವವರೆಗೆ ನಮ್ಮ ಬಾಪನ ಎದುರು ಕೂಡ ಬರಿ ತಲೆಯಲ್ಲಿ ನಿಂತವಳಲ್ಲ. ನಾನು ಅಳಿಯನ ಎದುರು ನಿಂತೆ ಸೈನು."

ಅವಳ ಕಣ್ಣಿಂದ ನೀರು ಇಳಿಯಿತು. ಒರಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ನಾನೇ ಒರಸಿದೆ. ಗಂಟಾದ ಹಳದಿಯನ್ನು ಅವಳು ಸೌಟಿನ ತುದಿಯಿಂದ ತಡವಿ ತೆಗೆದು ಪಕ್ಕಕ್ಕೆ ಹಾಕಿ, ಮತ್ತೆ ಎಳೆಯತೊಡಗಿದಳು. ಪಾಕ ಹಾಡುತ್ತಿತ್ತು.

ಓಣಿಯಲ್ಲಿ ಕೆಮ್ಮು ಕೇಳಿಸಿತು. ಇತ್ತಾತ ತಟ್ಟವನ್ನು ಹಣೆಯವರೆಗೆ ಎಳೆದುಕೊಂಡು, ಸಂದಿಯಲ್ಲಿ ಬೆರಳಿಟ್ಟು ನಡೆದುಹೋಗಿ, ಬಾಗಿಲ ಹಿಂದೆ ನಿಂತಳು.